ಬಿಗಿ ಮಾಡಿದ್ರೆ ಭದ್ರ ಅಲ್ಲ: ಹಳೇ ಕ್ಯಾಂಪರ್ ವ್ಯಾನ್ ಕಲಿಸಿದ ಬೇರಿಂಗ್ ಪಾಠ

ಕಳೆದ ಸೆಮ್‌ನಲ್ಲಿ ನಮ್ಮ ಟೀಮ್ ಕಟ್ಟಿದ ಬಗ್ಗಿಯ ಟೆಸ್ಟ್ ರನ್ ಇತ್ತು. ಮುಂದಿನ ಚಕ್ರದ ಹಬ್‌ಗಳನ್ನು ಗುಜರಿಯಿಂದ ತಂದಿದ್ವಿ, ಬೇರಿಂಗ್ ಮಾತ್ರ ಹೊಸದು. ಹಿಂದಿನ ರಾತ್ರಿ ಫಿಟ್ ಮಾಡುವಾಗ ಚಕ್ರ ಚೂರೂ ಅಲ್ಲಾಡಬಾರದು ಅಂತ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ನಟ್ಟನ್ನು ಜಗ್ಗಿ ಜಗ್ಗಿ ಬಿಗಿ ಮಾಡಿದ್ವಿ. ಮರುದಿನ ಗ್ರೌಂಡ್‌ನಲ್ಲಿ ಹತ್ತು ಸುತ್ತು ಆಗೋಷ್ಟರಲ್ಲಿ ಎಡ ಚಕ್ರದಿಂದ ಸುಟ್ಟ ವಾಸನೆ, ಆಮೇಲೆ ಹೊಗೆ. ಬಿಚ್ಚಿ ನೋಡಿದ್ರೆ ರೋಲರ್‌ಗಳು ನೀಲಿ ಬಣ್ಣಕ್ಕೆ ತಿರುಗಿದ್ವು. ಓಡಿಸ್ತಿದ್ದ ಗೆಳೆಯ ಬೇಗ ನಿಲ್ಲಿಸಿದ್ದಕ್ಕೆ ಬಚಾವ್. ಇನ್ನೊಂದಿಷ್ಟು ಹೊತ್ತು ಓಡಿದ್ರೆ ಚಕ್ರ ಜಾಮ್ ಆಗಿ ಬಗ್ಗಿ ಮಗುಚಿಕೊಳ್ತಿತ್ತು.

ಎಡವಿದ್ದು ಎಲ್ಲಿ ಅಂತ ಹುಡುಕ್ತಾ ಹೋದಾಗ ನಮಗೆ ಸರಿಯಾದ ಪಾಠ ಸಿಕ್ಕಿದ್ದು ಒಂದು ಹಳೇ ಜರ್ಮನ್ ಗಾಡಿಯ ರಿಪೇರಿ ವಿಧಾನದಲ್ಲಿ. ಆ ಗಾಡಿಯನ್ನು ನಾವು ಮುಟ್ಟಿ ನೋಡಿಲ್ಲ. ಆದ್ರೆ ಅದರ ವಿಧಾನವನ್ನು ನಮ್ಮ ಹಬ್ ಮೇಲೆ ಪ್ರಯೋಗ ಮಾಡಿದ್ದೀವಿ. ಅದನ್ನೇ ಇಲ್ಲಿ ಬರೀತಿದ್ದೀವಿ.

ಯಾವುದು ಈ ಗಾಡಿ?

ಫೋಕ್ಸ್‌ವ್ಯಾಗನ್ ಟೈಪ್ 2. ತಯಾರಿ ಶುರುವಾಗಿದ್ದು 1950ರಲ್ಲಿ. 1967ರಲ್ಲಿ ಬಂದ ಎರಡನೇ ತಲೆಮಾರಿನದ್ದು ಜರ್ಮನಿಯಲ್ಲಿ 1979ರವರೆಗೆ ತಯಾರಾಯ್ತು. ವೆಸ್ಟ್‌ಫಾಲಿಯಾ ಅನ್ನೋ ಕಂಪನಿ ಇದರೊಳಗೆ ಹಾಸಿಗೆ, ಕಪಾಟು, ಪುಟ್ಟ ಅಡುಗೆಮನೆ ಜೋಡಿಸಿ ಓಡಾಡುವ ಮನೆಯನ್ನಾಗಿ ಮಾಡ್ತಿತ್ತು. ಆ ಕಾಲದಲ್ಲಿ ಯುರೋಪಿನ ಎಷ್ಟೋ ಜನ ಇಂಥ ವ್ಯಾನ್ ಹತ್ತಿ ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಭಾರತದವರೆಗೂ ಬಂದಿದ್ದಾರೆ. ಇಂಜಿನ್ ಹಿಂದೆ, ಡ್ರೈವ್ ಕೂಡ ಹಿಂದಿನ ಚಕ್ರಗಳಿಗೆ. ಹಾಗಾಗಿ ಮುಂದಿನ ಚಕ್ರಗಳು ಸುಮ್ಮನೆ ಉರುಳ್ತವೆ, ಅವುಗಳ ಜೋಡಣೆ ಸರಳ. ನಮ್ಮಂಥವರಿಗೆ ಅರ್ಥ ಮಾಡಿಕೊಳ್ಳೋಕೆ ಹೇಳಿ ಮಾಡಿಸಿದ ಹಾಗಿದೆ.

ಒಳಗೆ ಏನಿದೆ?

ಒಂದೊಂದು ಮುಂದಿನ ಚಕ್ರಕ್ಕೂ ಎರಡು ಟೇಪರ್ ರೋಲರ್ ಬೇರಿಂಗ್: ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಟೇಪರ್ ಯಾಕೆ? ಚಕ್ರದ ಮೇಲೆ ಗಾಡಿಯ ಭಾರ ಮೇಲಿನಿಂದ ಬೀಳುತ್ತೆ. ತಿರುವಿನಲ್ಲಿ ಪಕ್ಕದಿಂದಲೂ ತಳ್ಳುತ್ತೆ. ಓರೆಯಾಗಿ ಕೂತ ರೋಲರ್ ಎರಡನ್ನೂ ತಡೆಯುತ್ತೆ, ಆದ್ರೆ ಪಕ್ಕದ ಬಲವನ್ನು ಒಂದೇ ದಿಕ್ಕಿನಲ್ಲಿ. ಅದಕ್ಕೇ ಎರಡು ಬೇರಿಂಗ್ ಎದುರುಬದುರು. ಹೊರಗಿನ ಬೇರಿಂಗ್ ಮೇಲೆ ಒಂದು ಥ್ರಸ್ಟ್ ವಾಷರ್, ಅದರ ಮೇಲೆ ಕ್ಲ್ಯಾಂಪ್ ನಟ್. ನಟ್ಟನ್ನು ಎಷ್ಟು ಒಳಗೆ ತಂದ್ವಿ ಅನ್ನೋದೇ ಬೇರಿಂಗಿನ ಪ್ಲೇ ಎಷ್ಟು ಅಂತ ನಿರ್ಧಾರ ಮಾಡುತ್ತೆ.

ಮೊದಲು ಪರೀಕ್ಷೆ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದ್ರೆ ತಕ್ಷಣ ಬೇರಿಂಗ್ ಮೇಲೆ ತಪ್ಪು ಹೊರಿಸಬೇಡಿ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಲಿ, ಇನ್ನೊಮ್ಮೆ ಅಲ್ಲಾಡಿಸಿ. ಆಟ ಮಾಯವಾದ್ರೆ ಅದು ಬೇರಿಂಗಿನದ್ದು. ಹಾಗೇ ಉಳಿದ್ರೆ ಬಾಲ್ ಜಾಯಿಂಟ್ ನೋಡಬೇಕು. ಬ್ರೇಕ್ ಒತ್ತಿದಾಗ ಹಬ್ ಮತ್ತು ಸ್ಟಬ್ ಆಕ್ಸಲ್ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಅದಕ್ಕೇ ಈ ಉಪಾಯ ಕೆಲಸ ಮಾಡೋದು.

ಆಮೇಲೆ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿ. ಗರಗರ ಅಂದ್ರೆ ರೋಲರ್ ಅಥವಾ ರೇಸ್ ಹಾಳಾಗಿದೆ. ರಸ್ತೆಯಲ್ಲಾದ್ರೆ ಬಲಕ್ಕೆ ತಿರುಗಿಸಿದಾಗ ಭಾರ ಎಡ ಚಕ್ರದ ಮೇಲೆ ಹೋಗುತ್ತೆ. ಆಗ ಸದ್ದು ಜಾಸ್ತಿಯಾದ್ರೆ ಎಡಗಡೆ ಅನುಮಾನ ಪಡಬೇಕು.

ಬಿಚ್ಚೋದು

ಇಲ್ಲಿ ಎರಡು ತಮಾಷೆ ಇವೆ. ಒಂದು, ಈ ವ್ಯಾನಿನ ಸ್ಪೀಡೋಮೀಟರ್ ಕೇಬಲ್ ಎಡಗಡೆಯ ಸ್ಟಬ್ ಆಕ್ಸಲ್ ಒಳಗಿಂದ ಹಾದು ಗ್ರೀಸ್ ಕ್ಯಾಪಿಗೆ ಸೇರಿಕೊಂಡಿದೆ. ಚಕ್ರದ ಜೊತೆ ಕ್ಯಾಪ್ ತಿರುಗುತ್ತೆ, ಕ್ಯಾಪ್ ಕೇಬಲ್ಲನ್ನು ತಿರುಗಿಸುತ್ತೆ. ಕೇಬಲ್ ತುದಿಯ ಪುಟ್ಟ ಪಿನ್ ತೆಗೆಯದೆ ಕ್ಯಾಪ್ ಕಿತ್ತರೆ ಸ್ಪೀಡೋಮೀಟರ್ ಕಥೆ ಮುಗೀತು.

ಎರಡನೇದು, ಎಡಗಡೆಯ ನಟ್ ಉಲ್ಟಾ ಥ್ರೆಡ್. ಗಾಡಿ ಮುಂದೆ ಹೋಗುವಾಗ ಹೊರಗಿನಿಂದ ನೋಡಿದ್ರೆ ಎಡ ಚಕ್ರ ಅಪ್ರದಕ್ಷಿಣವಾಗಿ ತಿರುಗುತ್ತೆ. ಸಾಮಾನ್ಯ ನಟ್ ಲೂಸ್ ಆಗೋದೂ ಅದೇ ದಿಕ್ಕಿನಲ್ಲಿ. ಬೇರಿಂಗ್ ನಟ್ಟನ್ನು ಸ್ವಲ್ಪ ಸ್ವಲ್ಪವೇ ಎಳೆದರೂ ಅದು ಬಿಚ್ಚಿಕೊಳ್ಳಬಾರದು ಅಂತ ಈ ಏರ್ಪಾಡು. ಗೊತ್ತಿಲ್ಲದೆ ಜಗ್ಗಿದ್ರೆ ಬಿಚ್ಚೋ ಬದಲು ಬಿಗಿ ಮಾಡ್ತಾ ಇರ್ತೀವಿ!

ನಟ್ಟಿನ ಅಲೆನ್ ಸ್ಕ್ರೂ ಸಡಿಲಿಸಿ, ನಟ್ ತೆಗೆದು, ಹಬ್ ಹೊರಗೆಳೆಯುವಾಗ ಹೊರಗಿನ ಬೇರಿಂಗ್ ಕೆಳಗೆ ಬೀಳದ ಹಾಗೆ ಕೈ ಒಡ್ಡಿ. 1971ರ ಮಾಡೆಲ್‌ನಿಂದ ಮುಂದೆ ಡಿಸ್ಕ್ ಬ್ರೇಕ್ ಇದೆ. ಅಂಥದ್ದರಲ್ಲಿ ಮೊದಲು ಕ್ಯಾಲಿಪರ್ ತೆಗೆದು ತಂತಿಯಲ್ಲಿ ಕಟ್ಟಿ ನೇತುಹಾಕಬೇಕು, ಬ್ರೇಕ್ ಹೋಸ್ ಮೇಲೆ ಭಾರ ಬಿಡಬಾರದು.

ತೊಳೆದು ನೋಡಿ

ಹಳೇ ಗ್ರೀಸ್ ಪೂರ್ತಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಏರ್ ಗನ್ ಹಿಡಿದು ಬೇರಿಂಗ್ ಗಿರ್ರನೆ ತಿರುಗಿಸೋ ಆಸೆ ಎಲ್ಲರಿಗೂ ಬರುತ್ತೆ, ಬೇಡ. ರೋಲರ್ ಸಿಡಿದು ಮುಖಕ್ಕೆ ಬಡಿಯಬಹುದು. ಬೆಳಕಿಗೆ ಹಿಡಿದು ರೋಲರ್, ರೇಸ್ ಎರಡನ್ನೂ ನೋಡಿ. ಸಣ್ಣ ಗುಳಿ, ಪದರ ಎದ್ದಿರೋದು, ತುಕ್ಕಿನ ಕಲೆ ಇದ್ರೆ ಬದಲಾಯಿಸಿ. ನೀಲಿ ಬಣ್ಣ ಅಂದ್ರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ, ಗಡಸುತನ ಹೋಗಿದೆ ಅಂತ ಅರ್ಥ. ಮೆಟೀರಿಯಲ್ ಸೈನ್ಸ್‌ನಲ್ಲಿ ಟೆಂಪರಿಂಗ್ ಬಣ್ಣಗಳ ಬಗ್ಗೆ ಓದಿ ಮಾರ್ಕ್ಸ್ ತಗೊಂಡಿದ್ದ ನಾವು, ಕೈಯಲ್ಲಿದ್ದ ನೀಲಿ ರೋಲರ್ ನೋಡಿ ಆಯಿಲ್ ಕಲೆ ಅಂದ್ಕೊಂಡಿದ್ವಿ! ಬದಲಾಯಿಸೋದಾದ್ರೆ ಬೇರಿಂಗ್ ಮತ್ತು ಹಬ್ಬಿನೊಳಗಿನ ರೇಸ್ ಎರಡನ್ನೂ ಜೋಡಿಯಾಗಿ ಬದಲಾಯಿಸಬೇಕು. ಹಳೇ ರೇಸ್ ಮೇಲೆ ಹೊಸ ರೋಲರ್ ಬಾಳಿಕೆ ಬರಲ್ಲ.

ಗ್ರೀಸ್ ತುಂಬೋದು

ವೀಲ್ ಬೇರಿಂಗ್‌ಗೆ ಅಂತಲೇ ಬರುವ, ಬಿಸಿ ತಡೆಯುವ ಲಿಥಿಯಂ ಗ್ರೀಸ್ ಸಾಕು. ಅಂಗೈಯಲ್ಲಿ ಒಂದು ಉಂಡೆ ಇಟ್ಟುಕೊಂಡು ಬೇರಿಂಗಿನ ಅಗಲದ ಕಡೆಯಿಂದ ಒತ್ತಿ, ಇನ್ನೊಂದು ಕಡೆ ರೋಲರ್‌ಗಳ ಸಂದಿಯಿಂದ ಗ್ರೀಸ್ ಹೊರಬರಬೇಕು. ಮೇಲೆ ಸವರಿದ್ರೆ ಆಗಲ್ಲ. ಹಾಗಂತ ಹಬ್ ತುಂಬಾ ತುರುಕೋದೂ ತಪ್ಪು, ಗ್ರೀಸ್ ಕಲಕಿ ಕಲಕಿ ತಾನೇ ಬಿಸಿಯಾಗುತ್ತೆ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ. ಹಿಂದಿನ ಸೀಲ್ ಪ್ರತಿ ಸಲ ಹೊಸದು ಹಾಕಿ. ಅದು ಸೋರಿದ್ರೆ ಗ್ರೀಸ್ ಹೋಗಿ ಸೇರೋದು ಬ್ರೇಕಿಗೆ.

ನಟ್ ಎಷ್ಟು ಬಿಗಿ?

ಇದೇ ನಾವು ಎಡವಿದ ಜಾಗ. ಚಕ್ರ ತಿರುಗಿಸ್ತಾ ನಟ್ಟನ್ನು ಹದವಾಗಿ ಬಿಗಿ ಮಾಡಿ, ಬೇರಿಂಗ್ ಸರಿಯಾಗಿ ಕೂರಲಿ. ಆಮೇಲೆ ಸಡಿಲಿಸಿ. ಈಗ ಸ್ಕ್ರೂಡ್ರೈವರ್ ತುದಿಯಿಂದ ಥ್ರಸ್ಟ್ ವಾಷರನ್ನು ಪಕ್ಕಕ್ಕೆ ತಳ್ಳಿ. ಮೀಟದೆ, ಬರೀ ಬೆರಳಿನ ಒತ್ತಡಕ್ಕೆ ವಾಷರ್ ಒಂಚೂರು ಸರಿದಾಡಬೇಕು. ಡಯಲ್ ಗೇಜ್ ಇದ್ರೆ ಪ್ಲೇ 0.03ರಿಂದ 0.12 ಮಿ.ಮೀ. ಒಳಗಿರಬೇಕು. ನಮ್ಮ ಪ್ರಿಂಟರ್‌ನ ಎ4 ಹಾಳೆಯ ದಪ್ಪ ಸುಮಾರು 0.1 ಮಿ.ಮೀ., ಲೆಕ್ಕ ಹಾಕಿ! ಅಲೆನ್ ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಕೆಲವೊಮ್ಮೆ ಅಳತೆ ಬದಲಾಗಿರುತ್ತೆ.

ಇಷ್ಟು ಸಡಿಲ ಯಾಕೆ ಬೇಕು? ಓಡುವಾಗ ಬೇರಿಂಗ್ ಬಿಸಿಯಾಗಿ ಹಿಗ್ಗುತ್ತೆ. ತಣ್ಣಗಿದ್ದಾಗಲೇ ಜಾಗ ಇಲ್ಲದಿದ್ರೆ ರೋಲರ್‌ಗಳು ಒತ್ತಿಕೊಳ್ಳುತ್ತವೆ, ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಮುಂದಿನ ವರ್ಷ ಓದಲಿರುವ ಸೂತ್ರವನ್ನು ಸೀನಿಯರ್ಸ್ ಈಗಲೇ ಹೇಳಿಕೊಟ್ಟರು: ರೋಲರ್ ಬೇರಿಂಗಿನ ಆಯಸ್ಸು ಲೋಡಿನ 10/3ನೇ ಘಾತಕ್ಕೆ ವಿಲೋಮ. ಲೋಡ್ 20% ಏರಿದ್ರೆ ಆಯಸ್ಸು ಸುಮಾರು 45% ಕಡಿಮೆ. ಪೈಪ್ ಹಾಕಿ ಜಗ್ಗಿದ ನಾವು ಎಷ್ಟು ಲೋಡ್ ಏರಿಸಿದ್ವೋ ದೇವರಿಗೇ ಗೊತ್ತು.

ನಿಂತ ಗಾಡಿಗೂ ಬೇಕು

ಹಳೇ ಕ್ಯಾಂಪರ್‌ಗಳು ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರ್ತವೆ. ನಿಂತಲ್ಲೇ ಗ್ರೀಸಿನ ಎಣ್ಣೆ ಬೇರ್ಪಡುತ್ತೆ, ತೇವ ಸೇರಿ ತುಕ್ಕು ಹಿಡಿಯುತ್ತೆ. ಹಾಗಾಗಿ ಇಂಥ ಗಾಡಿಗೆ ಬರೀ ಕಿಲೋಮೀಟರ್ ಲೆಕ್ಕ ಸಾಲಲ್ಲ. ದೊಡ್ಡ ಪ್ರವಾಸಕ್ಕೆ ಮುಂಚೆ ಒಮ್ಮೆ ಬಿಚ್ಚಿ ನೋಡೋದು ಒಳ್ಳೇದು, ಒಳಗೆ ಮಲಗಿರೋದು ಒಂದಿಡೀ ಸಂಸಾರ. ಹೊರಟು ಸ್ವಲ್ಪ ದೂರ ಆದ್ಮೇಲೆ ನಿಲ್ಲಿಸಿ ಎರಡೂ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಬೆಚ್ಚಗೆ, ಇನ್ನೊಂದು ಸುಡ್ತಿದ್ರೆ ಮುಂದೆ ಹೋಗಬೇಡಿ.

ಹೊಸ ಬೇರಿಂಗ್ ತಂದು, ಈ ಸಲ ನಮ್ಮ ಹಬ್ಬಿನ ಅಳತೆ ತಿಳ್ಕೊಂಡು, ಡಯಲ್ ಗೇಜ್ ಇಟ್ಟು ಫಿಟ್ ಮಾಡಿದ್ವಿ. ಇಪ್ಪತ್ತು ಸುತ್ತು ಓಡಿಸಿ ಹಬ್ ಮುಟ್ಟಿದಾಗ ಬರೀ ಬೆಚ್ಚಗಿತ್ತು. ಆ ನೀಲಿ ರೋಲರ್‌ಗಳನ್ನು ಬಿಸಾಕಿಲ್ಲ, ವರ್ಕ್‌ಶಾಪಿನ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೀವಿ. ಟೀಮಿಗೆ ಸೇರೋ ಜೂನಿಯರ್ಸ್‌ಗೆ ಸ್ಪ್ಯಾನರ್ ಕೊಡೋ ಮುಂಚೆ ಮೊದಲು ಅದನ್ನೇ ಕೈಗೆ ಕೊಡ್ತೀವಿ.