ಕೃಷಿಹೊಂಡ ಎಷ್ಟು ದೊಡ್ಡದು, ಮೀನು ಎಷ್ಟು ಬಿಡಬೇಕು?



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಖುಷ್ಕಿ ಜಮೀನುಗಳಲ್ಲಿ ಕೃಷಿಹೊಂಡ ಈಗ ಹೊಸದಲ್ಲ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಇದಕ್ಕೆ ಹೆಚ್ಚಿನ ಪ್ರಚಾರ ನೀಡಿತು. ಹುಬ್ಬೆ, ಉತ್ತರೆ ಮಳೆಗೆ ಹೊಂಡ ತುಂಬಿದೊಡನೆ ಅದರಲ್ಲಿ ಮೀನು ಬಿಡುವ ಆಸೆ ಸಹಜ. ಆಸೆ ಒಳ್ಳೆಯದೇ. ಆದರೆ ಬೆರಳುದ್ದದ ಮರಿಗಳನ್ನು ತುಂಬಿದ ಹೊಂಡದಲ್ಲಿ ನೋಡಿದಾಗ ಸಾವಿರ ಬಿಟ್ಟರೂ ಕಡಿಮೆಯೆಂದೇ ತೋರುತ್ತದೆ. ಶಿವರಾತ್ರಿಯ ಹೊತ್ತಿಗೆ ನೀರು ಇಳಿದು ಮೀನು ಬಲಿತಾಗ ತೊಂದರೆ ಕಾಣಿಸಿಕೊಳ್ಳುತ್ತದೆ.

ರಾಗಿ ನಾಟಿ ಮಾಡುವಾಗ ಪೈರಿನ ಅಂದಿನ ಗಾತ್ರ ನೋಡಿ ನೀವು ಅಂತರ ಕೊಡುವುದಿಲ್ಲ. ತೆಂಡೆಯೊಡೆದು ತೆನೆ ಬಿಡುವಾಗ ಎಷ್ಟು ಜಾಗ ಬೇಕೆಂದು ನೋಡಿ ಕೊಡುತ್ತೀರಿ. ಮೀನಿಗೂ ಅದೇ ಲೆಕ್ಕ ಅನ್ವಯಿಸುತ್ತದೆ.

ಜಾಗಕ್ಕೆ ತಕ್ಕಷ್ಟೇ ಮೀನು ಬೆಳೆಯುತ್ತದೆಯೆ?

ಹೊಂಡ ಚಿಕ್ಕದಾದರೆ ಮೀನು ಚಿಕ್ಕದಾಗಿಯೇ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ ಎಂಬ ಮಾತುಂಟು. ಇದು ಅರ್ಧ ಸತ್ಯ. ಇಕ್ಕಟ್ಟಾದ ನೀರಿನಲ್ಲಿ ಮೀನಿನ ಮೈಯಿಂದ ಹೊರಬೀಳುವ ಅಮೋನಿಯ ಹೆಚ್ಚುತ್ತದೆ, ಆಮ್ಲಜನಕ ಸಾಲದಾಗುತ್ತದೆ, ಆಹಾರಕ್ಕೆ ಪೈಪೋಟಿ ಬೀಳುತ್ತದೆ. ಇದರಿಂದ ಬೆಳವಣಿಗೆ ಕುಂಠಿತವಾಗುತ್ತದೆಯೇ ಹೊರತು ಮೀನು ಆ ಜಾಗಕ್ಕೆ ಒಗ್ಗಿಕೊಂಡಿತೆಂದು ಅರ್ಥವಲ್ಲ.

ಪಟ್ಟಣದ ಮನೆಗಳ ಗಾಜಿನ ತೊಟ್ಟಿಯಲ್ಲೂ ಇದೇ ತಪ್ಪು ನಡೆಯುತ್ತದೆ. ಕೋಯಿ ಎಂಬ ಅಂದದ ಮೀನು ಸಾಮಾನ್ಯ ಗೆಂಡೆಯದೇ ಬಣ್ಣದ ಬಗೆ. ಕೊಳ್ಳುವಾಗ 2 ಅಂಗುಲವಿದ್ದದ್ದು ಬಲಿತಾಗ 2 ಅಡಿ ಉದ್ದವಾಗಬಲ್ಲದು. 2 ಅಡಿ ತೊಟ್ಟಿಯಲ್ಲಿ ಅದು ತಿರುಗಲಾದರೂ ಹೇಗೆ ಸಾಧ್ಯ? ನಮ್ಮ ಕಾಟ್ಲಾ ಮೀನಂತೂ ದೊಡ್ಡ ಜಲಾಶಯಗಳಲ್ಲಿ ಒಂದು ಮೀಟರಿಗೂ ಮೀರಿ ಬೆಳೆಯುವ ಜಾತಿ.

ತುಂಬಿದ ಹೊಂಡ ನೋಡಿ ಮೋಸಹೋಗಬೇಡಿ

ಹೊಂಡದ ಬದಿಗಳು ಇಳಿಜಾರಾಗಿರುವುದರಿಂದ ನೀರು ಇಳಿದಂತೆ ಅದರ ಅಗಲವೂ ಕುಗ್ಗುತ್ತದೆ. 1:1 ಇಳಿಜಾರಿನ, 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದಲ್ಲಿ ಸುಮಾರು 9 ಲಕ್ಷ 80 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಆಳ ಅರ್ಧಕ್ಕಿಳಿದಾಗ ಉಳಿಯುವುದು ಸುಮಾರು 4 ಲಕ್ಷ 10 ಸಾವಿರ ಲೀಟರ್ ಮಾತ್ರ. 12 ಮೀಟರ್ ಹೊಂಡ ತುಂಬಿದಾಗ 2 ಲಕ್ಷ 50 ಸಾವಿರ ಲೀಟರ್ ಇದ್ದರೆ, ಅರ್ಧ ಆಳದಲ್ಲಿ ಅದರ ಮೂರನೆಯ ಒಂದು ಭಾಗ ಮಾತ್ರ ಉಳಿದಿರುತ್ತದೆ.

ಬೆಳೆ ಮೊದಲು, ಮೀನು ನಂತರ

ಹೊಂಡ ತೋಡಿದ್ದು ಬೆಳೆಯನ್ನು ಉಳಿಸಲು. ಕಡಲೆಕಾಯಿ ಕಾಯಿ ಬಲಿಯುವಾಗ ಅಥವಾ ರಾಗಿ ಹೂವಾಡುವಾಗ ಮಳೆ ಕೈಕೊಟ್ಟರೆ ಆ ನೀರು ಹೊಲಕ್ಕೆ ಹೋಗಲೇಬೇಕು. ಒಂದು ಎಕರೆಗೆ 5 ಸೆಂ.ಮೀ. ನೀರು ಕೊಡಲು ಸುಮಾರು 2 ಲಕ್ಷ ಲೀಟರ್ ಬೇಕು.

ಪ್ಲಾಸ್ಟಿಕ್ ಹೊದಿಕೆಯಿರುವ 21 ಮೀಟರ್ ಹೊಂಡದಿಂದ ಹೀಗೆ ಎರಡು ಸಲ ನೀರು ಕೊಟ್ಟರೂ ಸುಮಾರು 2 ಮೀಟರ್ ಆಳ ಉಳಿಯುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ದಿನಕ್ಕೆ 4ರಿಂದ 5 ಮಿ.ಮೀ.ನಂತೆ ಆವಿಯಾದರೆ ಇನ್ನೂ ಅರ್ಧ ಮೀಟರಿನಷ್ಟು ಇಳಿದು ಒಂದೂವರೆ ಮೀಟರ್ ಉಳಿದೀತು. ಮೀನಿಗೆ ಇಷ್ಟು ಸಾಕು. 15 ಮೀಟರ್ ಹೊಂಡದಿಂದ ಒಂದು ಎಕರೆಗೆ ಒಂದು ಸಲ ಕೊಟ್ಟರೂ ಹೆಚ್ಚು ಕಡಿಮೆ ಇದೇ ಸ್ಥಿತಿ ಇರುತ್ತದೆ. 12 ಮೀಟರ್ ಹೊಂಡದಿಂದ ಒಂದು ಎಕರೆಗೆ ನೀರು ಹಾಯಿಸಿದರೆ ಉಳಿಯುವುದು ಒಂದು ಮೀಟರ್; ಶಿವರಾತ್ರಿಗೆ ಅದು ಅರ್ಧ ಮೀಟರಿಗೂ ಇಳಿಯುತ್ತದೆ. ಆದ್ದರಿಂದ 12 ಮೀಟರ್ ಹೊಂಡದವರು ಅರ್ಧ ಎಕರೆಗೆ ಒಂದು ಸಲ ಮಾತ್ರ ನೀರು ಕೊಡುವುದಾದರೆ ಮೀನು ಬಿಡಬಹುದು. ಇಡೀ ಎಕರೆಗೆ ಬೇಕೆಂದರೆ ಮೀನಿನ ಆಸೆ ಬಿಡುವುದೇ ಲೇಸು.

ಎಷ್ಟು ಮೀನು ಬಿಡಬೇಕು?

ನೀರು ಒಂದೂವರೆ ಮೀಟರ್ ಆಳಕ್ಕೆ ಇಳಿದಾಗ ಅದರ ಮೇಲ್ಮೈ ಎಷ್ಟಿರುತ್ತದೆಂದು ಲೆಕ್ಕ ಹಾಕಿ, ಪ್ರತಿ 2 ಚದರ ಮೀಟರಿಗೆ ಒಂದು ಮೀನಿನಂತೆ ಬಿಡಬೇಕು. ಅದರಂತೆ:

21 ಮೀಟರ್ ಹೊಂಡಕ್ಕೆ 150
18 ಮೀಟರ್ ಹೊಂಡಕ್ಕೆ 110
15 ಮೀಟರ್ ಹೊಂಡಕ್ಕೆ 70
12 ಮೀಟರ್ ಹೊಂಡಕ್ಕೆ 40

150 ಮೀನು ಬಿಡುವಲ್ಲಿ ಕಾಟ್ಲಾ 60, ರೋಹು 45, ಸಾಮಾನ್ಯ ಗೆಂಡೆ 45 ಇರಲಿ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಗೆಂಡೆ ತಳದಲ್ಲಿ ಮೇಯುವುದರಿಂದ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ.

ಬಲಿತ ಮರಿಯನ್ನೇ ಕೊಳ್ಳಿ

ನಮ್ಮ ಹೊಂಡಗಳಲ್ಲಿ ಮೀನಿಗೆ ಸಿಗುವುದು ಐದಾರು ತಿಂಗಳು ಮಾತ್ರ. ಅಂಗುಲದ ಮರಿ ಅಷ್ಟರಲ್ಲಿ ಮಾರುವ ತೂಕಕ್ಕೆ ಬರುವುದು ಕಷ್ಟ. ಆಂಧ್ರದ ಮೀನು ಸಾಕಣೆದಾರರು ಮರಿಗಳನ್ನು ಒಂದು ವರ್ಷ ಒತ್ತಾಗಿ ಸಾಕಿ, ಬಳಿಕ ದೊಡ್ಡ ಕೊಳಕ್ಕೆ ಬಿಡುತ್ತಾರೆ. ಕುಗ್ಗಿದ್ದ ಮೀನು ಜಾಗ ಮತ್ತು ಆಹಾರ ಸಿಕ್ಕೊಡನೆ ಬೇಗ ಬೆಳೆಯುತ್ತದೆ. ಅಂಥ 100 ಗ್ರಾಂ ತೂಕದ ಮರಿ ಸಿಕ್ಕರೆ ನಮ್ಮ ಹೊಂಡಗಳಿಗೆ ಬಹಳ ಸೂಕ್ತ. ಸಿಗದಿದ್ದರೆ ಕನಿಷ್ಠ 4 ಅಂಗುಲದ ಮರಿಗಳನ್ನಾದರೂ ಆರಿಸಿ. ಮರಿಗಳಿಗಾಗಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಇಕ್ಕಟ್ಟಿನಲ್ಲೂ ಬದುಕುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದರ ಸಾಕಣೆ ನಿಷಿದ್ಧ. ತಪ್ಪಿಸಿಕೊಂಡು ಕೆರೆ ಸೇರಿದರೆ ಅಲ್ಲಿಯ ಮೀನುಗಳನ್ನು ತಿಂದುಹಾಕುತ್ತದೆ.

ನಿತ್ಯದ ಎಚ್ಚರಿಕೆ

ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮನಾಗಿ ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ 2ರಿಂದ 3 ಭಾಗದಷ್ಟು ದಿನವೂ ಕೊಡಿ. ಮುಂಜಾವಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಸಾಲದೆಂದು ತಿಳಿಯಿರಿ. ಆಗ ಸಗಣಿ ಗೊಬ್ಬರ, ಆಹಾರ ಎರಡನ್ನೂ ನಿಲ್ಲಿಸಿ, ಪಂಪಿನಿಂದ ಹೊಂಡದ ನೀರನ್ನೇ ಮೇಲೆತ್ತಿ ಚಿಮ್ಮಿಸಬೇಕು.

ಹೊಂಡದೊಳಗೆ ಒಂದು ಗಳು ನಿಲ್ಲಿಸಿ, ಒಂದೂವರೆ ಮೀಟರಿಗೂ ಒಂದು ಮೀಟರಿಗೂ ಗುರುತು ಹಾಕಿ. ಅದರ ಬುಡಕ್ಕೆ ಮಣ್ಣಿನ ಚೀಲವಿಟ್ಟರೆ ಹೊದಿಕೆ ಹರಿಯದು. ನೀರು ಮೊದಲ ಗುರುತಿಗೆ ಬಂದಾಗ ದೊಡ್ಡ ಮೀನುಗಳನ್ನು ಹಿಡಿಯಲು ಆರಂಭಿಸಿ, ಎರಡನೆಯ ಗುರುತಿಗೆ ಬರುವುದರೊಳಗೆ ಎಲ್ಲವನ್ನೂ ಹಿಡಿದು ಮುಗಿಸಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಕಾಯಬೇಡಿ.

ಪ್ಲಾಸ್ಟಿಕ್ ಹೊದಿಕೆಯ ಬದಿ ಜಾರುವುದರಿಂದ ಬಿದ್ದವರು ಮೇಲೆ ಬರುವುದು ಕಷ್ಟ. ಮೀನು ನೋಡಲು ಮಕ್ಕಳು ಬಂದೇ ಬರುತ್ತಾರೆ. ಆದ್ದರಿಂದ ಮರಿ ತರುವ ಮೊದಲೇ ಸುತ್ತ ಬೇಲಿ ಹಾಕಿ, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗಗಳನ್ನು ಇಳಿಬಿಡಿ.

150ರಲ್ಲಿ 110 ಮೀನು ಉಳಿದು ಅರ್ಧ ಕಿಲೋ ತೂಗಿದರೆ 55 ಕಿಲೋ ಆಗುತ್ತದೆ. ಇದು ಮನೆಯ ಊಟಕ್ಕೂ ಕೈಖರ್ಚಿಗೂ ಒದಗುವ ಫಲ. ಹೊಂಡ ತೋಡಿದ ಸಾಲವನ್ನು ತೀರಿಸುವುದು ಅದೇ ನೀರಿನಿಂದ ಉಳಿದ ಕಡಲೆಕಾಯಿ ಮತ್ತು ರಾಗಿ.