ಮರುಕವಿಲ್ಲದ ಮನಸ್ಸು

ಯಾರಾದರೂ ಕ್ರೂರವಾಗಿ ನಡೆದುಕೊಂಡರೆ ‘ಅವನಿಗೆ ಹುಚ್ಚು’ ಎಂದುಬಿಡುತ್ತೇವೆ. ಮನಶ್ಶಾಸ್ತ್ರಜ್ಞರು ‘ಸೈಕೋಪತಿ’ ಎನ್ನುವುದು ಹುಚ್ಚಲ್ಲ. ಅಂಥವನ ಬುದ್ಧಿ ನೆಟ್ಟಗಿರುತ್ತದೆ. ಪರರ ನೋವಿಗೆ ಮರುಗುವ ಗುಣ ಮಾತ್ರ ಬತ್ತಿರುತ್ತದೆ.

ಅದು ಎಲ್ಲರಲ್ಲಿಯೂ ಒಂದೇ ಬಗೆಯದಲ್ಲ. 1941ರಲ್ಲಿ ಅಮೆರಿಕದ ವೈದ್ಯ ಬೆನ್ ಕಾರ್ಪ್‌ಮನ್ ಎರಡು ಬಗೆ ಹೇಳಿದರು: ಒಂದು ಹುಟ್ಟುಗುಣ, ಇನ್ನೊಂದು ಒಳಗಿನ ಕಳವಳ, ಸಂಕಟಗಳಿಂದ ಬಂದದ್ದು. 2009ರಲ್ಲಿ ಕ್ರಿಸ್ಟೋಫರ್ ಪ್ಯಾಟ್ರಿಕ್ ಮತ್ತು ಸಂಗಡಿಗರು ಮೂರು ಎಳೆಗಳನ್ನು ಗುರುತಿಸಿದರು: ಅಂಜದ ಎದೆಗಾರಿಕೆ, ನಿಷ್ಕರುಣೆ, ಅಂಕೆಯಿಲ್ಲದ ನಡೆ. ಎಳೆಗಳ ಪಾಲು ಬದಲಾದಂತೆ ಮನುಷ್ಯನೂ ಬೇರೆ. ಅಂಕೆಯಿಲ್ಲದವನು ಸಂತೆಯಲ್ಲಿ ಎರಡು ಮಾತಿಗೆ ಕೈಯೆತ್ತಿ ಠಾಣೆ ಸೇರುತ್ತಾನೆ. ಎದೆಗಾರಿಕೆ, ನಿಷ್ಕರುಣೆ ಎರಡೂ ಕೂಡಿದವನು ನಯವಾಗಿ ಮಾತಾಡಿ, ನಂಬಿಸಿ, ಕೊರಳು ಕೊಯ್ಯುತ್ತಾನೆ.

ದಕ್ಷಿಣ ಕನ್ನಡದ ಮೋಹನ್ ಕುಮಾರ್ ಶಾಲಾ ಶಿಕ್ಷಕನಾಗಿದ್ದವನು. ಮದುವೆಯ ಆಸೆ ತೋರಿಸಿ ಯುವತಿಯರಿಗೆ ಸೈನೈಡ್ ಕೊಟ್ಟು ಕೊಂದನೆಂದು 2013ರಲ್ಲಿ ಮಂಗಳೂರಿನ ನ್ಯಾಯಾಲಯ ತೀರ್ಪಿತ್ತಿತು. ಅವನ ಮನಸ್ಸಿಗೆ ಹೆಸರಿಡುವುದು ವೈದ್ಯರ ಕೆಲಸ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಮಾತ್ರ ನಮಗೆ ಪಾಠ. ವರನನ್ನು ಹುಡುಕುವಾಗ ಸಿಹಿ ಮಾತನ್ನಷ್ಟೇ ಕೇಳಬೇಡಿ. ಅವನ ಊರು, ಕೆಲಸ, ಬಂಧುಗಳನ್ನು ವಿಚಾರಿಸಿರಿ.

ಹಾಗೆಂದು ತುಂಟ ಹುಡುಗನಿಗೆ ಈ ಪಟ್ಟ ಕಟ್ಟಬೇಡಿರಿ. ಬೆಳೆಯುವ ಮನಸ್ಸು ತಿದ್ದುವ ಕೈಗೆ ಬಾಗುತ್ತದೆ. ಬೆತ್ತ ಅವನನ್ನು ಇನ್ನಷ್ಟು ಒರಟಾಗಿಸೀತು. ವಾತ್ಸಲ್ಯ ಮತ್ತು ತಪ್ಪದ ಶಿಸ್ತು ಎರಡೂ ಬೇಕು. ಪ್ರಾಣಿಗಳನ್ನು ಹಿಂಸಿಸುವುದು, ಪಶ್ಚಾತ್ತಾಪವಿಲ್ಲದಿರುವುದು ಪದೇ ಪದೇ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ. ಔರಾದ ತಾಲೂಕಿನ ನಮ್ಮ ಚಿಂತಾಕಿಯಿಂದ ಆಸ್ಪತ್ರೆ ದೂರವೆನ್ನುವವರು 14416ಕ್ಕೆ ಕರೆ ಮಾಡಬಹುದು. ‘ಟೆಲಿ ಮಾನಸ್’ ಸಲಹೆಗೆ ಹಣವಿಲ್ಲ.