ಸಂಜೆ ಐದರ ನಂತರದ ಮೈದಾನ: ಊರಿನ ಕ್ಲಬ್ಬುಗಳಲ್ಲಿ ಮಕ್ಕಳ ಸುರಕ್ಷತೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ದಕ್ಷಿಣ ಕನ್ನಡದ ಒಂದು ಪ್ರೌಢಶಾಲೆ. ಅಲ್ಲಿ ಶಾಲೆ ಬಿಟ್ಟ ಅರ್ಧ ಗಂಟೆಗೆ ಅದೇ ಮೈದಾನದಲ್ಲಿ ಊರಿನ ಕ್ಲಬ್ಬಿನ ಕಬಡ್ಡಿ ಅಭ್ಯಾಸ ಶುರುವಾಗುತ್ತದೆ. ಮಕ್ಕಳು ಅವರೇ, ಮೈದಾನ ಅದೇ. ಜವಾಬ್ದಾರಿ ಹೊತ್ತವರು ಮಾತ್ರ ಬೇರೆ. ಕರಾವಳಿಯ ಹೆಚ್ಚಿನ ಊರುಗಳಲ್ಲಿ ಇಂಥ ಯುವಕ ಮಂಡಲವೋ ಕ್ರೀಡಾ ಸಂಘವೋ ಇದೆ. ತರಬೇತಿ ಕೊಡುವವರು ಸಂಬಳಕ್ಕೆ ಬರುವವರಲ್ಲ. ಹಗಲು ರಿಕ್ಷಾ ಓಡಿಸಿ, ಅಂಗಡಿ ನೋಡಿಕೊಂಡು, ಸಂಜೆಯ ಹೊತ್ತನ್ನು ಮಕ್ಕಳಿಗೆ ಕೊಡುವ ಹಳೆಯ ಆಟಗಾರರು. ಮಕ್ಕಳು ಅವರನ್ನು 'ಸರ್' ಎನ್ನುವುದಿಲ್ಲ, 'ಅಣ್ಣ' ಎನ್ನುತ್ತಾರೆ.

ಈ ಸಲುಗೆಯಿಂದಲೇ ಎಷ್ಟೋ ಮಕ್ಕಳು ಆಟಕ್ಕೆ ಬರುತ್ತಾರೆ, ಅದರಿಂದಾಗಿ ಶಾಲೆಯನ್ನೂ ಬಿಡದೆ ಉಳಿಯುತ್ತಾರೆ. ಆದರೆ ಅಣ್ಣನಿಗೆ 'ಬೇಡ' ಎನ್ನುವುದು ಮಗುವಿಗೆ ಕಷ್ಟ. ಅಣ್ಣನನ್ನು ಪ್ರಶ್ನಿಸುವುದು ಪೋಷಕರಿಗೂ ಮುಜುಗರ. ಶಾಲೆಯಲ್ಲಿ ಹಾಜರಿ ಪುಸ್ತಕವಿದೆ, ಪೋಷಕರ ಸಭೆಯಿದೆ, ದೂರು ಕೇಳಲು ಮುಖ್ಯೋಪಾಧ್ಯಾಯರಿದ್ದಾರೆ. ಕ್ಲಬ್ಬಿನಲ್ಲಿ ಇವೆಲ್ಲದರ ಜಾಗದಲ್ಲಿ ಇರುವುದು ನಂಬಿಕೆ ಒಂದೇ. ಮಕ್ಕಳ ಸುರಕ್ಷತೆ ಒಬ್ಬ ವ್ಯಕ್ತಿಯ ಒಳ್ಳೆಯತನವನ್ನು ಮಾತ್ರ ನೆಚ್ಚಿಕೊಂಡಿರಬಾರದು, ಅದಕ್ಕೊಂದು ವ್ಯವಸ್ಥೆ ಬೇಕು. ಮೈದಾನ ಶಾಲೆಯದಾಗಿರುವ ಕಡೆ ಅಂಥ ವ್ಯವಸ್ಥೆಯನ್ನು ಕೇಳುವ ಹಕ್ಕು ಶಾಲೆಗಿದೆ. ಈ ಲೇಖನದಲ್ಲಿ ವಿವರಿಸಹೊರಟದ್ದು ಇದನ್ನೇ.

ಪ್ರಶ್ನೆ ಪೆಟ್ಟಿಗೆಯಿಂದ ಬಂದದ್ದು

ಎಂಟನೇ ತರಗತಿಗೆ ಹದಿಹರೆಯದ ಪಾಠ ಮಾಡುವಾಗ, ಹೆಸರು ಬರೆಯದೆ ಪ್ರಶ್ನೆ ಹಾಕಲು ಒಂದು ಪೆಟ್ಟಿಗೆ ಇಟ್ಟಿದ್ದೆ. ಹಾರ್ಮೋನುಗಳ ಬಗ್ಗೆ ಪ್ರಶ್ನೆ ಬರುತ್ತವೆಂದು ತಯಾರಾಗಿದ್ದೆ. ಬಂದವುಗಳಲ್ಲಿ ಹಲವು ಕ್ಲಬ್ಬಿನವು. ಮಾತುಗಳನ್ನು ಬದಲಿಸಿ ಮೂರನ್ನು ಇಲ್ಲಿ ಕೊಡುತ್ತೇನೆ. "ತೂಕ ಇಳಿಸಲು ಎರಡು ದಿನ ನೀರು ಕಡಿಮೆ ಕುಡಿದರೆ ಏನಾಗುತ್ತದೆ?" "ಮಂಡಿ ನೋವು ಇದೆ ಎಂದರೆ ಟೀಮಿನಿಂದ ತೆಗೆಯುತ್ತಾರೆ. ಹೇಳಬೇಕಾ?" "ರಾತ್ರಿ ಪಂದ್ಯ ಮುಗಿದ ಮೇಲೆ ಬೈಕಿನಲ್ಲಿ ನನ್ನೊಬ್ಬನನ್ನೇ ಬಿಡಲು ಬರುತ್ತಾರೆ. ನನಗೆ ಇಷ್ಟ ಇಲ್ಲ. ಬೇಡ ಎನ್ನುವುದು ಹೇಗೆ?"

ಮೂರನೆಯ ಚೀಟಿಯನ್ನು ಅದೇ ದಿನ ಮಾರ್ಗದರ್ಶಿ ಶಿಕ್ಷಕಿಗೆ ಮತ್ತು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದೆ. ಅಷ್ಟು ಮಾತಿನಿಂದ ಅಪರಾಧ ನಡೆದಿದೆ ಎನ್ನಲಾಗದು, ಏನೂ ಇಲ್ಲ ಎಂದು ಬಿಡಲೂ ಆಗದು. ನೋಟ್ ಪುಸ್ತಕಗಳ ಕೈಬರಹದೊಂದಿಗೆ ಹೋಲಿಸಿ ನೋಡುವುದು ಬೇಡ ಎಂದು ಮಾರ್ಗದರ್ಶಿ ಶಿಕ್ಷಕಿ ಹೇಳಿದರು. ಹಾಗೆ ಹುಡುಕಿದರೆ ಪೆಟ್ಟಿಗೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಬದಲಿಗೆ ಮರುದಿನ ಇಡೀ ತರಗತಿಗೆ, ಯಾರೊಂದಿಗೆ ಮಾತನಾಡಬಹುದು, ಎಲ್ಲಿ, ಯಾವ ಹೊತ್ತಿಗೆ ಎಂಬುದನ್ನು ಸ್ಪಷ್ಟವಾಗಿ ಹೇಳಿದೆವು. 1098 ಮಕ್ಕಳ ಸಹಾಯವಾಣಿಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಅಳಿಸದೆ ಉಳಿಸಿದೆವು. ಎರಡು ದಿನದ ಬಳಿಕ ಒಂದು ಮಗು ಶಿಕ್ಷಕಿಯ ಬಳಿ ಬಂದು ಮಾತನಾಡಿತು. ಆ ಮಾತು ಆ ಮಗುವಿನದು, ಇಲ್ಲಿ ಬರೆಯುವಂಥದ್ದಲ್ಲ.

ತೂಕ, ನೋವು, ತಲೆಗೆ ಪೆಟ್ಟು

ನಮ್ಮ ಕಡೆ ಕಬಡ್ಡಿ ಪಂದ್ಯಾಟಗಳು ಹೆಚ್ಚಾಗಿ ತೂಕದ ಲೆಕ್ಕದಲ್ಲಿ ನಡೆಯುತ್ತವೆ. ಮಿತಿಯೊಳಗೆ ಬರಲು ಮಕ್ಕಳು ಊಟ ಬಿಡುತ್ತಾರೆ, ನೀರು ಬಿಡುತ್ತಾರೆ. 50 ಕೆ.ಜಿ.ಯ ಹುಡುಗ ಎರಡು ದಿನದಲ್ಲಿ 1 ಕೆ.ಜಿ. ಇಳಿದರೆ ಕರಗಿದ್ದು ಕೊಬ್ಬಲ್ಲ, ಹೆಚ್ಚಿನ ಪಾಲು ನೀರು. ಅದು ದೇಹತೂಕದ ಶೇ. 2. ಅಷ್ಟು ನೀರು ಕಳೆದುಕೊಂಡರೇ ಆಟದ ಶಕ್ತಿಯೂ ಗಮನವೂ ಕುಗ್ಗಬಹುದು. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಸುರಿಯುತ್ತದೆ, ಆದರೆ ಬೇಗ ಆವಿಯಾಗುವುದಿಲ್ಲ, ಮೈ ತಣಿಯುವುದಿಲ್ಲ. ಬಾಷ್ಪೀಕರಣದಿಂದ ತಂಪಾಗುವ ತತ್ತ್ವವನ್ನು ಬಲ್ಲ ವಿಜ್ಞಾನ ಶಿಕ್ಷಕರು ಇದನ್ನು ಆಟಗಾರ ಮಕ್ಕಳಿಗೆ ಅವರದೇ ಉದಾಹರಣೆಯಿಂದ ವಿವರಿಸಬಹುದು.

ನೋವಿನ ಪ್ರಶ್ನೆಗೂ ಜೀವಶಾಸ್ತ್ರದಲ್ಲಿ ಉತ್ತರವಿದೆ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ದೊಡ್ಡವರಲ್ಲಿ ಬರೀ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಈ ಪದರಕ್ಕೇ ತಗಲಬಹುದು. ಆದ್ದರಿಂದ 'ಸ್ವಲ್ಪ ಎಣ್ಣೆ ತಿಕ್ಕು, ಸರಿಹೋಗುತ್ತದೆ' ಎಂಬ ಮಾತು ಮಕ್ಕಳ ವಿಷಯದಲ್ಲಿ ಸಲ್ಲದು. ನೋವು ಹೇಳಿದ ಮಗುವಿಗೆ ತಂಡದಲ್ಲಿ ಜಾಗ ಹೋಗುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಅದು ಬಾಯಿ ಬಿಡುತ್ತದೆ.

ತಲೆಗೆ ಪೆಟ್ಟು ಬಿದ್ದಾಗ ಪ್ರಜ್ಞೆ ತಪ್ಪಲಿಲ್ಲ ಎಂದು ಸಮಾಧಾನ ಪಡುವಂತಿಲ್ಲ. ತಲೆನೋವು, ವಾಂತಿ, ಮಂಕುತನ, ಆಗಷ್ಟೇ ನಡೆದದ್ದರ ಮರೆವು ಇವುಗಳಲ್ಲಿ ಒಂದು ಕಂಡರೂ, ಅನುಮಾನವಷ್ಟೇ ಇದ್ದರೂ, ಮಗುವನ್ನು ಆಟದಿಂದ ಹೊರಗೆ ಕೂರಿಸಬೇಕು. ಅದೇ ದಿನ ಮತ್ತೆ ಆಡಿಸಬಾರದು, ವೈದ್ಯರಿಗೆ ತೋರಿಸಬೇಕು. ಮತ್ತೆ ಮತ್ತೆ ವಾಂತಿಯಾದರೆ, ತೂಕಡಿಕೆ ಹೆಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಗೌರವಾನ್ವಿತರ ನಡುವೆಯೂ

ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್‌ನ ಪ್ರಕರಣವನ್ನು ಎಲ್ಲ ತರಬೇತುದಾರರೂ ತಿಳಿದಿರಬೇಕು. 2018ರಲ್ಲಿ ಅವನಿಗೆ ಶಿಕ್ಷೆ ವಿಧಿಸುವ ಮುನ್ನ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳನ್ನು ನ್ಯಾಯಾಲಯ ಕೇಳಿತು. ಚಿಕಿತ್ಸೆಯ ನೆಪದಲ್ಲಿ ನಡೆದ ದೌರ್ಜನ್ಯದ ವೇಳೆ ಕೆಲವು ತಂದೆತಾಯಿ ಅದೇ ಕೋಣೆಯಲ್ಲಿದ್ದರು. ವರ್ಷಗಳ ಹಿಂದೆಯೇ ಕೆಲವು ಹುಡುಗಿಯರು ದೊಡ್ಡವರಿಗೆ ಹೇಳಿದ್ದರು; ಅಷ್ಟು ಹೆಸರಾಂತ ವೈದ್ಯ ಹಾಗೆ ಮಾಡುವವನಲ್ಲ ಎಂದು ಅವರ ಮಾತನ್ನು ತಳ್ಳಿಹಾಕಲಾಗಿತ್ತು. ದೊಡ್ಡವರು ಪಕ್ಕದಲ್ಲಿದ್ದರೆ ಸಾಲದು, ಮಗು ಹೇಳಿದ್ದನ್ನು ಅವರು ಗಂಭೀರವಾಗಿ ಕೇಳಿಸಿಕೊಳ್ಳಬೇಕು.

ನಮ್ಮ ಕಾನೂನು ಇದಕ್ಕೆ ದಾರಿ ಮಾಡಿದೆ. ಪೋಕ್ಸೊ ಕಾಯ್ದೆ, 2012ರ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ. ಗಂಡುಮಕ್ಕಳೂ ಇದರ ರಕ್ಷಣೆಗೆ ಒಳಪಡುತ್ತಾರೆ. ಸೆಕ್ಷನ್ 19ರಂತೆ, ಇಂಥ ಅಪರಾಧ ನಡೆದಿದೆ ಎಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿರುವುದು ಸೆಕ್ಷನ್ 21ರಂತೆ ಶಿಕ್ಷಾರ್ಹ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರಿಗೆ ರಕ್ಷಣೆಯೂ ಇದೆ. 'ಯಾರೇ ಆಗಲಿ' ಎಂಬುದರಲ್ಲಿ ಪ್ರಶಿಕ್ಷಣಾರ್ಥಿಗಳಾದ ನಾವೂ ಸೇರಿದ್ದೇವೆ. 2020ರ ಪೋಕ್ಸೊ ನಿಯಮಗಳು ಶಾಲೆಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿ, ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು ಹೇಳುತ್ತವೆ.

ಒಂದು ಪುಟದ ಷರತ್ತುಗಳು

ದೈಹಿಕ ಶಿಕ್ಷಕರೊಂದಿಗೆ ಕುಳಿತು, ಮೈದಾನದ ಬಳಕೆಗೆ ಅನುಮತಿ ಕೊಡುವಾಗ ಕೇಳಬಹುದಾದ ಷರತ್ತುಗಳನ್ನು ಒಂದು ಪುಟಕ್ಕೆ ಇಳಿಸಿದೆವು.

1. ಅಭ್ಯಾಸದ ಹೊತ್ತಿಗೆ ಕನಿಷ್ಠ ಇಬ್ಬರು ಹಿರಿಯರು ಇರಬೇಕು. ಹೆಣ್ಣುಮಕ್ಕಳ ತಂಡವಿದ್ದರೆ ಒಬ್ಬ ಮಹಿಳೆ ಇರಲೇಬೇಕು.
2. ಒಬ್ಬ ಹಿರಿಯರು ಒಂದೇ ಮಗುವಿನೊಂದಿಗೆ ವಾಹನದಲ್ಲಾಗಲಿ ಮುಚ್ಚಿದ ಕೋಣೆಯಲ್ಲಾಗಲಿ ಇರಕೂಡದು. ಹೊನಲು ಬೆಳಕಿನ ಪಂದ್ಯಾಟಕ್ಕೆ ಹೋಗುವಾಗ ಮರಳುವ ಸಮಯ, ಕರೆತರುವವರ ಹೆಸರು ಬರೆದು ಪೋಷಕರ ಸಹಿ ಪಡೆಯಬೇಕು.
3. ತರಬೇತುದಾರರ ಪೊಲೀಸ್ ಪರಿಶೀಲನೆ ಆಗಿರಬೇಕು.
4. ಸಂದೇಶಗಳು ಪೋಷಕರೂ ಇರುವ ಗುಂಪಿನಲ್ಲೇ ಹೋಗಬೇಕು, ಮಗುವಿಗೆ ನೇರವಾಗಿ ಬೇಡ.
5. ತೂಕಕ್ಕಾಗಿ ಉಪವಾಸ ಹಾಕಿಸಬಾರದು. ಪೆಟ್ಟಾದರೆ ದಿನಾಂಕ ಸಹಿತ ಪುಸ್ತಕದಲ್ಲಿ ಬರೆಯಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪೋಷಕರ ಫೋನ್ ನಂಬರುಗಳು ಕೈಗೆಟಕುವಂತಿರಬೇಕು.
6. ದೂರು ಹೇಳಲು ಇಬ್ಬರ ಹೆಸರು ಫಲಕದಲ್ಲಿರಬೇಕು; ಒಬ್ಬರು ಕ್ಲಬ್ಬಿನ ಹೊರಗಿನವರು.

ಕ್ಲಬ್ಬಿನವರು ಮೊದಲು ಕೇಳಿದ್ದು, "ನಮ್ಮ ಮೇಲೆ ಅನುಮಾನವಾ?" ಎಂದು. ದೈಹಿಕ ಶಿಕ್ಷಕರ ಉತ್ತರ ನನಗೆ ಪಾಠದಂತಿತ್ತು: "ಅನುಮಾನ ಇದ್ದಿದ್ದರೆ ಮೈದಾನವನ್ನೇ ಕೊಡುತ್ತಿರಲಿಲ್ಲ ಮಾರಾಯ್ರೆ. ನಾಳೆ ನಿಮ್ಮ ಜಾಗಕ್ಕೆ ಯಾರು ಬರುತ್ತಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ." ಇಂಥ ನಿಯಮ ಒಳ್ಳೆಯ ತರಬೇತುದಾರರನ್ನು ಸುಳ್ಳು ಆಪಾದನೆಯಿಂದಲೂ ಕಾಯುತ್ತದೆ.

ಮಗು ಹೇಳಿಕೊಂಡಾಗ

ಆಟದ ಚೀಲ ತರುವುದನ್ನು ಥಟ್ಟನೆ ಬಿಟ್ಟ ಮಗು, ಒಬ್ಬರ ಹೆಸರು ಬಂದೊಡನೆ ಮೌನವಾಗುವ ಮಗು, ಕಾರಣವಿಲ್ಲದೆ ದುಬಾರಿ ಉಡುಗೊರೆ ಪಡೆದ ಮಗು: ಇವು ಪುರಾವೆಗಳಲ್ಲ, ಗಮನಿಸಬೇಕಾದ ಸೂಚನೆಗಳು. ಮಗು ತಾನಾಗಿ ಹೇಳಿದರೆ ತಾಳ್ಮೆಯಿಂದ ಕೇಳಬೇಕು. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬಾರದು, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಆಗದು. 'ಆಗಲೇ ಏಕೆ ಹೇಳಲಿಲ್ಲ?' ಎಂದು ಕೇಳಬಾರದು. ನಾವೇ ವಿಚಾರಣೆಗೆ ಇಳಿಯಬಾರದು, ಆಪಾದಿತರನ್ನು ಕರೆದು ಕೇಳಲೂಬಾರದು. ಮಗುವಿನ ಮಾತನ್ನು ಅದೇ ದಿನ ಅದರದೇ ಪದಗಳಲ್ಲಿ ಬರೆದಿಡಬೇಕು. ಮುಖ್ಯೋಪಾಧ್ಯಾಯರಿಗೆ ಹೇಳಿದಲ್ಲಿಗೆ ಕರ್ತವ್ಯ ಮುಗಿಯುವುದಿಲ್ಲ. ವಿಷಯ ಪೊಲೀಸರಿಗೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳಬೇಕು.

ನಾನು ಶಾಲೆ ಬಿಡುವ ಹೊತ್ತಿಗೆ ಆರು ಷರತ್ತುಗಳಲ್ಲಿ ನಾಲ್ಕು ಜಾರಿಗೆ ಬಂದಿದ್ದವು. ಪೊಲೀಸ್ ಪರಿಶೀಲನೆಗೆ ಅರ್ಜಿ ಹೋಗಿತ್ತು. ಹೆಣ್ಣುಮಕ್ಕಳ ತಂಡಕ್ಕೆ ಮಹಿಳಾ ತರಬೇತುದಾರರು ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ಸರದಿಯಂತೆ ಒಬ್ಬ ತಾಯಿ ಬಂದು ಕೂರುವುದೆಂದು ಪೋಷಕರೇ ತೀರ್ಮಾನಿಸಿದ್ದರು. ಶಾಲಾನುಭವಕ್ಕೆ ಹೋಗುವ ನಮ್ಮ ಮುಂದಿನ ತಂಡ ತಮ್ಮ ತಮ್ಮ ಶಾಲೆಯ ಮೈದಾನವನ್ನು ಸಂಜೆ ಐದರ ನಂತರ ಯಾರು ಬಳಸುತ್ತಾರೆ ಎಂದು ಮೊದಲ ವಾರದಲ್ಲೇ ವಿಚಾರಿಸಿದರೆ ಒಳ್ಳೆಯದು.